ಕೊಟ್ರಬಸಪ್ಪನವರ ಗೇರ್ ಸೈಕಲ್

ಕೋವಿಡ್‌ನ ಎರಡನೇ ಅಲೆ ಕಳೆದ ಮರುವರ್ಷ ನಾನು ಕೂಡ್ಲಿಗಿಯಲ್ಲಿ ಸೈಕಲ್ ಶಾಪ್ ನಡೆಸುತ್ತಿದ್ದೆ. ಶಾಪು ನಮ್ಮಣ್ಣ ಹಾಕಿದ್ದು. ಅವನ ಕೈಕೆಳಗೆ ಇಪ್ಪತ್ತಾರು ವರ್ಷ ಪಾನಾ ಹಿಡಿದವನು ನಾನು. ಆ ಎರಡನೇ ಅಲೆಯಲ್ಲೇ ಅಣ್ಣ ಹೋದ. ಶಿವಗಣಾರಾಧನೆ ಮುಗಿದ ಮರುದಿನ ಶಟರ್ ಎತ್ತಿದೆ. ಅಳು ಬರಲಿಲ್ಲ. ಪಂಕ್ಚರ್ ಹಚ್ಚಿದೆ, ಬ್ರೇಕ್ ಬಿಗಿದೆ, ಸಂಜೆ ಶಟರ್ ಇಳಿಸಿದೆ. ಒಂದೂವರೆ ವರ್ಷ ಹಾಗೇ ಹೋಯಿತು. ಅಣ್ಣ ಕೂರುತ್ತಿದ್ದ ಕಬ್ಬಿಣದ ಸ್ಟೂಲಿನ ಮೇಲೆ ಬೇರೆ ಯಾರೂ ಕೂರದಿರಲೆಂದು ಟ್ಯೂಬುಗಳ ಡಬ್ಬಿ ಇಟ್ಟಿದ್ದೆ, ಅಷ್ಟೆ.

ಆ ಚಳಿಗಾಲದಲ್ಲಿ ಕೊಟ್ರಬಸಪ್ಪನವರು ತಮ್ಮ ಗೇರ್ ಸೈಕಲ್ ತಂದರು. ಅವರು ಪಕ್ಕದ ಹಳ್ಳಿಯೊಂದರ ವಾಟರ್‌ಮ್ಯಾನ್. ಊರಿನ ಟ್ಯಾಂಕು ಗುಡ್ಡದ ಮೇಲಿದೆ. ದಿನಕ್ಕೆ ಎರಡು ಸಲ ಎರಡು ಕಿಲೋಮೀಟರ್ ಕಲ್ಲುದಾರಿ ಹತ್ತಿ ವಾಲ್ವ್ ತಿರುಗಿಸಿ ಇಳಿಯಬೇಕು. ಬೈಕ್ ಓಡಿಸುವುದನ್ನು ಅವರು ಕಲಿತೇ ಇರಲಿಲ್ಲ. ಹತ್ತು ವರ್ಷದ ಹಿಂದೆ ಹೆಂಡತಿ ಶಿವಲೀಲಮ್ಮನವರೇ ಹೊಸಪೇಟೆಗೆ ಹೋಗಿ ಬಣ್ಣ ನೋಡಿ ಆರಿಸಿದ ಮೌಂಟನ್ ಬೈಕ್ ಅದು: ಇಪ್ಪತ್ತಾರು ಇಂಚಿನ ಗಾಲಿ, ಇಪ್ಪತ್ತೊಂದು ಗೇರ್, ಅಲ್ಯೂಮಿನಿಯಂ ಫ್ರೇಮ್.

ಈಗ ಮುಂದಿನ ಶಾಕ್ ಅಬ್ಸಾರ್ಬರ್ ಒಳಗೇ ಕಚ್ಚಿಕೊಂಡಿತ್ತು. ಗೇರುಗಳಲ್ಲಿ ಏಳೆಂಟು ಮಾತ್ರ ಮಾತು ಕೇಳುತ್ತಿದ್ದವು. ಬ್ರೇಕ್ ಹಿಡಿದರೆ ನಿಲ್ಲುವುದಕ್ಕಿಂತ ಕೂಗುವುದೇ ಹೆಚ್ಚು.

"ರಿಪೇರಿ ಮಾಡ್ತೀರೊ ಮೇಸ್ತ್ರಿ, ಹೊಸದು ತಗಳ್ಳೋದ ಚೊಲೊ ಅಂತೀರೊ? ನೀವ್ ಹೇಳಿದಂಗ" ಎಂದರು.

ಇಂಥ ಪ್ರಶ್ನೆ ವಾರಕ್ಕೊಮ್ಮೆಯಾದರೂ ಬರುತ್ತದೆ. ಉತ್ತರ ಇರುವುದು ಫ್ರೇಮಿನಲ್ಲಿ. ಫ್ರೇಮ್ ಗಟ್ಟಿಯಿದ್ದರೆ ಉಳಿದದ್ದನ್ನೆಲ್ಲ ಬದಲಿಸಬಹುದು. ಫ್ರೇಮ್ ಹೋಗಿದ್ದರೆ ಒಂದು ಬೆಲ್ ಹಾಕಿಸುವುದೂ ದಂಡ. ಅದರಲ್ಲೂ ಮೊದಲು ನೋಡಬೇಕಾದದ್ದು ಹೆಡ್ ಟ್ಯೂಬ್, ಅಂದರೆ ಹ್ಯಾಂಡಲ್ ನಿಲ್ಲುವ ಮುಂದಿನ ಗಿಡ್ಡ ಕೊಳವೆ. ನಮ್ಮ ಶಾಪಿನಲ್ಲಿ ಅದಕ್ಕೆ ಕುತ್ತಿಗೆ ಅನ್ನುತ್ತಿದ್ದೆವು. ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಮನುಷ್ಯನ ಭಾರವೆಲ್ಲ ಬೀಳುವುದು ಅದರ ಹಿಂದಿನ ಬೆಸುಗೆಯ ಮೇಲೆ. "ಮೊದ್ಲು ಒರಸು, ಆಮ್ಯಾಲ ನೋಡು, ಆಮ್ಯಾಲ ಮಾತಾಡು" ಎಂಬುದು ಅಣ್ಣನ ಕಟ್ಟಪ್ಪಣೆ. ಒರೆಸದೆ ಬಾಯಿ ಬಿಟ್ಟರೆ ಗಿರಾಕಿಯ ಮುಂದೆಯೇ ಬೈಯುತ್ತಿದ್ದ.

ನಾನು ಒರೆಸುವ ಬಟ್ಟೆ ತೆಗೆದುಕೊಂಡೆ. ಆ ಕುತ್ತಿಗೆಗೆ ಹಾಲಿನ ಪ್ಯಾಕೆಟ್ ಕತ್ತರಿಸಿ ಸುತ್ತಿ, ಮೇಲೊಂದು ರಬ್ಬರ್ ಬ್ಯಾಂಡ್ ಹಾಕಿತ್ತು. ಒಳಗೆ ಬಿಳಿಯದು ಕಾಣಿಸಿತು. ವಿಭೂತಿ.

ನಮ್ಮ ಕಡೆ ಮಹಾನವಮಿಗೆ ಸೈಕಲ್, ಟ್ರ್ಯಾಕ್ಟರ್, ರಾಟಿ, ತಕ್ಕಡಿ ಯಾವುದನ್ನೂ ಬಿಡದೆ ತೊಳೆದು ವಿಭೂತಿ ಹಚ್ಚಿ, ಕುಂಕುಮ ಇಡುತ್ತೇವೆ. ಹಚ್ಚಿದ್ದನ್ನು ಯಾರೂ ಒರೆಸುವುದಿಲ್ಲ. ತಾನಾಗಿ ಹೋದರೆ ಹೋಯಿತು, ಇಲ್ಲವೆಂದರೆ ಮುಂದಿನ ವರ್ಷ ಅದರ ಮೇಲೆ ಇನ್ನೊಂದು ಪದರ. ಶಿವಲೀಲಮ್ಮನವರು ಕುತ್ತಿಗೆಯ ಮುಂದಕ್ಕೊಮ್ಮೆ, ಅದರ ಹಿಂದೆ ಕೊಳವೆಗಳು ಕೂಡುವ ಬೆಸುಗೆಯ ಮೇಲೊಮ್ಮೆ ಮೂರು ಬೆರಳಿನಿಂದ ಎಳೆದಿದ್ದರು. ಹತ್ತು ವರ್ಷದ ವಿಭೂತಿ ಸುಣ್ಣದಂತೆ ಗಟ್ಟಿಯಾಗಿತ್ತು.

"ಅದನ್ನ ಬಿಚ್ಚಬ್ಯಾಡ್ರಿ" ಎಂದರು ಕೊಟ್ರಬಸಪ್ಪನವರು. "ನಮ್ಮನಿಯಾಕಿ ಹಚ್ಚಿದ್ದು. ದೀಪಾವಳಿ ಆಗಿ ವಾರಕ್ಕ ತೀರ್ಕಂಡ್ಳು. ಇಬ್ಬನಿ ತಾಕಬಾರ್ದು ಅಂತ ಕವರ್ ಸುತ್ತೀನಿ."

ಟ್ಯಾಂಕಿನಲ್ಲಿ ಎಷ್ಟು ನೀರಿದೆ ಎಂದು ಹೇಳುವ ದನಿಯಲ್ಲೇ ಹೇಳಿದರು. ನಾನೂ ಅಷ್ಟೇ ತಣ್ಣಗೆ ಕೇಳಿಸಿಕೊಂಡೆ. ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು, ಕುತ್ತಿಗೆ ಬಿಟ್ಟು ಉಳಿದ ಫ್ರೇಮನ್ನೆಲ್ಲ ನೋಡಿದೆ. "ಫ್ರೇಮ್ ಗಟ್ಟಿ ಐತ್ರಿ. ರಿಪೇರಿನ ಮಾಡೋಣ" ಎಂದೆ. ನೋಡದೆ ಹೇಳಿದ ಮಾತು ಅದು. ಆ ಗಳಿಗೆಯಲ್ಲಿ ನನಗೆ ಅಳುಕೂ ಆಗಲಿಲ್ಲ.

ನಾಲ್ಕು ದಿನದಲ್ಲಿ ಕೆಲಸ ಮುಗಿಯಿತು. ಹೊಸ ಚೈನು, ಹೊಸ ಗೇರ್, ಮುಂದಕ್ಕೆ ಶಾಕ್ ಅಬ್ಸಾರ್ಬರ್ ಸೇರಿದ ಹೊಸ ಫೋರ್ಕ್, ಅಂದರೆ ಗಾಲಿ ಹಿಡಿಯುವ ಕವಲು. ಹಳೆಯ ಫೋರ್ಕ್ ಎಂಬತ್ತು ಮಿಲಿಮೀಟರ್ ಕುಸಿಯುವಂಥದ್ದು. ಇಪ್ಪತ್ತಾರು ಇಂಚಿನ ಗಾಲಿಗೆ ಈಗ ಸಾಮಾನು ಸಿಗುವುದೇ ಕಷ್ಟವಾದ್ದರಿಂದ ಸಿಕ್ಕ ನೂರು ಮಿಲಿಮೀಟರಿನದನ್ನೇ ಹಾಕಿದೆ. ಫೋರ್ಕ್ ಉದ್ದವಾದಷ್ಟೂ ಕುತ್ತಿಗೆಯನ್ನು ಮೀಟುವ ಬಲ ಹೆಚ್ಚು. ಇದು ನನಗೆ ಗೊತ್ತಿರದ ಸಂಗತಿಯಲ್ಲ.

ಸೈಕಲ್ ಒಯ್ದ ಐದನೇ ದಿನಕ್ಕೆ ಕೊಟ್ರಬಸಪ್ಪನವರು ಬಂದು, "ಇಳಿಯಾಗ ಬ್ರೇಕ್ ಹಿಡಿದ್ರ ಟಿಕ್ ಅಂತೈತಿ" ಎಂದರು. ಹೊಸ ಬೇರಿಂಗ್ ಕೂರುವ ತನಕ ಹಾಗೇ ಎಂದು ಹೇಳಿ, ಬಿಗಿ ಮಾಡಿ ಕಳಿಸಿದೆ. ವಾರ ಬಿಟ್ಟು ಮತ್ತೆ ಬಂದರು. ಬೇರಿಂಗ್ ಬಿಚ್ಚಿ ಗ್ರೀಸ್ ತುಂಬಿ ಕಳಿಸಿದೆ. ಎರಡು ಸಲವೂ ಆ ಪ್ಲಾಸ್ಟಿಕ್ಕಿಗೆ ನನ್ನ ಬೆರಳು ತಾಗಿತು, ಎರಡು ಸಲವೂ ಪಕ್ಕಕ್ಕೆ ಸರಿಯಿತು. ಆ ಮನುಷ್ಯ ದಿನಕ್ಕೆರಡು ಸಲ ಬಂಡೆಗಳ ನಡುವೆ ಅದೇ ಸೈಕಲ್ಲಿನಲ್ಲಿ ಇಳಿಯುತ್ತಿದ್ದರು. ಕುತ್ತಿಗೆ ಕಳಚಿದರೆ ತಲೆಕೆಳಗಾಗಿ ಬೀಳುವುದೇ, ಬೇರೆ ದಾರಿಯಿಲ್ಲ.

ಮೂರನೇ ಸಲ ಬಂದಾಗ ನಾನು ಬೇರೊಂದು ಗಾಲಿಗೆ ಕಡ್ಡಿ ಕಟ್ಟುತ್ತಿದ್ದೆ. ಅವರು ಟ್ಯೂಬಿನ ಡಬ್ಬಿಯನ್ನು ನೆಲಕ್ಕಿಟ್ಟು ಅಣ್ಣನ ಸ್ಟೂಲಿನ ಮೇಲೆ ಕೂತುಬಿಟ್ಟರು. ಏಳಿ ಎನ್ನಲು ಬಾಯಿ ತೆರೆದೆ. ಆ ಸ್ಟೂಲಿನಿಂದ ಅಣ್ಣನ ದನಿ, ಒರೆಸದೆ ಮಾತಾಡಿದ್ದಕ್ಕೆ, ನನ್ನನ್ನು ಎಷ್ಟು ಸಲ ಬೈದಿತ್ತು ಎಂಬುದಷ್ಟೇ ನೆನಪಾಯಿತು.

"ಕೊಟ್ರಬಸಪ್ಪಾರ, ನಾನು ಕುತ್ತಿಗಿ ನೋಡಿಲ್ರಿ" ಎಂದೆ. "ನೋಡಿನಿ ಅಂದಂಗ ಹೇಳಿದೆ. ಅದನ್ನ ಒರಸಬೇಕು."

ಒರೆಸುವ ಎಣ್ಣೆಬಟ್ಟೆಗೆ ಕೈ ಹಾಕಿದೆ. ಅವರು, "ಎಣ್ಣಿ ಅರಿವಿಲೆ ಬ್ಯಾಡ್ರಿ. ನಾನ ಒರಸ್ತೀನಿ" ಎಂದು ಎದ್ದರು.

ರಬ್ಬರ್ ತೆಗೆದು, ಪ್ಲಾಸ್ಟಿಕ್ ಬಿಚ್ಚಿ ಜೇಬಿಗಿಟ್ಟುಕೊಂಡರು. ಹೆಬ್ಬೆರಳನ್ನು ನೀರಿನಲ್ಲಿ ಅದ್ದಿ ಉಜ್ಜಿದರು. ಕರಗಿ ಬಂದದ್ದನ್ನು ಹಣೆಗೆ ಹಚ್ಚಿಕೊಂಡರು. ಮತ್ತೆ ಉಜ್ಜಿದರು, ತೋಳುಗಳಿಗೆ ಹಚ್ಚಿಕೊಂಡರು. ಒಂದು ಚೂರೂ ನೆಲಕ್ಕೆ ಬೀಳಿಸಲಿಲ್ಲ. ಮುಖದಲ್ಲಿ ಏನೂ ಬದಲಾಗಲಿಲ್ಲ.

ಬೆಸುಗೆಯ ಅಂಚಿಗೆ ಕೂದಲಿನಷ್ಟು ಸಣ್ಣ ಕಪ್ಪು ಗೆರೆ. ಸ್ಕೇಲ್ ಹಿಡಿದು ಅಳೆದೆ: ಮೂವತ್ತೊಂದು ಮಿಲಿಮೀಟರ್. ಕೊಳವೆಯ ಕಾಲು ಸುತ್ತು ಹೆಚ್ಚುಕಡಿಮೆ ಬಿಟ್ಟುಕೊಂಡಿತ್ತು. ಗೆರೆಯ ಅರ್ಧ ಉದ್ದಕ್ಕೆ ಒಳಗೂ ವಿಭೂತಿ ಇಳಿದಿತ್ತು. ಅಂದರೆ ಶಿವಲೀಲಮ್ಮನವರು ಕೊನೆಯ ಸಲ ಹಚ್ಚುವಾಗಲೇ ಸೀಳು ಇತ್ತು. ಅದನ್ನು ಎರಡು ಪಟ್ಟು ಬೆಳೆಸಿದ್ದು ನನ್ನ ಉದ್ದನೆಯ ಫೋರ್ಕ್ ಇರಬೇಕು.

ಅಣ್ಣ ಹೋದ ಮೇಲೆ ಮೊದಲ ಸಲ ನನಗೆ ಹೆದರಿಕೆಯಾಯಿತು. ಸ್ಕೇಲನ್ನು ಕೆಳಗಿಟ್ಟೆ. "ತಪ್ಪಾತ್ರಿ" ಎಂದೆ. ಅವರು ಸ್ಕೇಲನ್ನು ಎತ್ತಿ ಕೊಟ್ಟು, "ನಾನ ಬ್ಯಾಡಂದಿದ್ದೆನಲ್ರಿ" ಎಂದರು.

ಅಲ್ಯೂಮಿನಿಯಂ ಫ್ರೇಮಿಗೆ ನಮ್ಮೂರಲ್ಲಿ ಬೆಸುಗೆ ಹಾಕಿಸಿದರೆ ಪಕ್ಕದ ಲೋಹ ಇನ್ನಷ್ಟು ಮೆತ್ತಗಾಗುತ್ತದೆ. ಅವರನ್ನು ಬಸ್ಸಿಗೆ ಹತ್ತಿಸಿ, ಆ ಫ್ರೇಮನ್ನು ಯಾರೂ ಮತ್ತೆ ಓಡಿಸದಂತೆ ಗರಗಸದಿಂದ ಎರಡು ತುಂಡು ಮಾಡಿದೆ. ಅವರು ಹೊಸ ಸೈಕಲ್ ಕೊಂಡರು. ಇಪ್ಪತ್ತೇಳೂವರೆ ಇಂಚಿನ ಗಾಲಿಯದಾದ್ದರಿಂದ ನನ್ನ ಫೋರ್ಕ್ ಅದಕ್ಕೆ ಕೂರಲಿಲ್ಲ. ಅದು ಇಂದಿಗೂ ಶಾಪಿನ ಮೊಳೆಯಲ್ಲಿ ತೂಗುತ್ತಿದೆ.

ಈ ಕಸುಬು ನನಗೆ ಕಲಿಸಿದ ಪಾಠ ದೊಡ್ಡದೇನಲ್ಲ. ಗಿರಾಕಿಯ ಮನಸ್ಸು ನೋಯಬಾರದೆಂದು ಒಂದು ಜಾಗವನ್ನು ನೋಡದೆ ಬಿಟ್ಟರೆ ಅದು ಮರ್ಯಾದೆಯಲ್ಲ, ಮೈಗಳ್ಳತನ. ಒರೆಸುವ ಬಟ್ಟೆ ಈಗ ಮೊದಲು ಕೈಗೆ ಬರುತ್ತದೆ. ಸ್ಟೂಲಿನ ಮೇಲೆ ಡಬ್ಬಿ ಇಡುವುದಿಲ್ಲ. ಯಾರು ಬೇಕಾದರೂ ಕೂರಬಹುದು.

ಮರುವರ್ಷದ ಮಹಾನವಮಿಗೆ ಕೊಟ್ರಬಸಪ್ಪನವರು ಹೊಸ ಸೈಕಲ್ ತೊಳೆದು ಶಾಪಿಗೆ ತಂದರು. ಕೈಯಲ್ಲಿ ವಿಭೂತಿ ಗಟ್ಟಿ. "ಬೆಸುಗಿ ಇಲ್ಲದ ಜಾಗ ತೋರ್ಸ್ರಿ" ಎಂದರು. ಸೀಟಿನ ಕೆಳಗಿನ ಕೊಳವೆಯ ನಡುಭಾಗ ತೋರಿಸಿದೆ. ಮೂರು ಬೆರಳಿಂದ ಎಳೆದರು. ಗೆರೆಗಳು ಸೊಟ್ಟಗೆ ಬಂದವು. ಅಷ್ಟು ವರ್ಷ ಅವರು ಹಚ್ಚಿದವರೇ ಅಲ್ಲ.

"ಸರ್ವೀಸಿಗೆ ಬಂದಾಗ ನಾ ಒರಸಿಬಿಡ್ತೀನ್ರಿ. ಮೊದ್ಲ ಹೇಳಿರ್ತೀನಿ" ಎಂದೆ.

ಅವರು ಬೆರಳಿಗೆ ಉಳಿದದ್ದನ್ನು ಹಣೆಗೆ ಹಚ್ಚಿಕೊಂಡು, "ಒರಸ್ರಿ" ಎಂದರು. "ಮುಂದಿನ ವರ್ಷ ಮತ್ತ ಹಚ್ತೀನಿ."