ಚರಗ ಮರಳಿ ಆರಿಸಿದ ಸಂಜೆ

ಚಿನ್ನೂ, ಪುಟ್ಟಾ,

ನಿಮಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಅದಕ್ಕೇ ನಿಮ್ಮ ಅಜ್ಜಿಗೆ ಇದನ್ನು ಬರೆಯುವ ಧೈರ್ಯ ಬಂತು. ಊರಿನ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತೆ. ಮಾಸ್ತರರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಬಾಯಿ ಬಿಡುತ್ತಿರಲಿಲ್ಲ, ಪಾಟಿಯ ಮೇಲೆ ಬರೆದು ಎತ್ತಿ ತೋರಿಸುತ್ತಿದ್ದೆ. ಈ ಹಾಳೆಗಳನ್ನೂ ಹಾಗೆಯೇ ತಿಳಿಯಿರಿ.

ಈ ವರ್ಷದ ಎಳ್ಳಮಾವಾಸ್ಯೆಯ ದಿನ ಏನಾಯಿತೆಂದು ನಿಮ್ಮಿಬ್ಬರಿಗೂ ಗೊತ್ತು. ಪುಟ್ಟ ಅದನ್ನು ನೆನೆದು ಈಗಲೂ ಲಿಫ್ಟಿನಲ್ಲಿ ನಗುತ್ತಾನೆ. ಆದರೆ ನನಗೆ ಅಷ್ಟೊಂದು ನಾಚಿಕೆ ಯಾಕಾಯಿತು ಎನ್ನುವುದು ನಿಮಗೆ ಗೊತ್ತಿಲ್ಲ. ಕಟ್ಟಡದವರು ನನ್ನನ್ನು ಏನಂದರೂ ನಡೆಯುತ್ತಿತ್ತು. ಹಳ್ಳಿಯ ಮುದುಕಿ, ಅನ್ನಿಸಿಕೊಂಡು ರೂಢಿಯಾಗಿದೆ. ನನ್ನಿಂದಾಗಿ ನಿಮಗೆ ನಿಮ್ಮ ಗೆಳೆಯರ ಮುಂದೆ ನಾಚಿಕೆಯಾದೀತು ಎಂಬುದೊಂದೇ ಭಯ. ಹಾಗಾದರೆ ಆ ಹಬ್ಬ ನನ್ನ ಹಿಂದೆಯೇ ಮುಗಿದು ಹೋಗುತ್ತದೆ. ಯಾರೂ ನಾಚಿಕೆಯನ್ನು ಆಸ್ತಿಯೆಂದು ಕಾಪಾಡುವುದಿಲ್ಲ.

ನಮ್ಮ ಮನೆಯಲ್ಲಿ ವೇಳೆಗೆ ಎಷ್ಟು ಕಿಮ್ಮತ್ತು ಇದೆ ಎಂದು ನಾನು ಬಲ್ಲೆ. ನಿಮ್ಮಪ್ಪ ಊಟದ ತಟ್ಟೆಯ ಮುಂದೆಯೂ ಕಿವಿಯಲ್ಲಿ ಮೀಟಿಂಗ್ ಇಟ್ಟುಕೊಂಡಿರುತ್ತಾನೆ. ಅಮ್ಮ ಪುಣೆಯ ಹಡಪಸರದ ಗದ್ದಲ ದಾಟಿ ಆಫೀಸಿನಿಂದ ಬರುವಷ್ಟರಲ್ಲಿ ಅರ್ಧ ಜೀವವಾಗಿರುತ್ತಾಳೆ. ಚಿನ್ನು, ನಿನ್ನ ಹಾಸಿಗೆಯ ಪಕ್ಕದ ಗೋಡೆಯ ಮೇಲಿರುವ ಟೈಮ್‌ಟೇಬಲ್ಲಿನ ಇಂಗ್ಲಿಷ್ ನನಗೆ ತಿಳಿಯುವುದಿಲ್ಲ. ಆದರೆ ಬಣ್ಣ ತಿಳಿಯುತ್ತದೆ. ಹಸಿರು ಗಣಿತ, ನೀಲಿ ವಿಜ್ಞಾನ, ಕೆಂಪು ಸದಾಶಿವ ಪೇಠದ ಕ್ಲಾಸು, ಹಳದಿ ಮತ್ತೊಮ್ಮೆ ಓದುವುದು. ಊಟಕ್ಕೂ ನಿದ್ದೆಗೂ ಅದರಲ್ಲಿ ಮನೆಗಳಿವೆ. ನನ್ನ ಬಣ್ಣ ಯಾವುದೆಂದು ಒಮ್ಮೆ ಕಸ ಗುಡಿಸುತ್ತ ಹುಡುಕಿದೆ. ಸಿಗಲಿಲ್ಲ. ಹುಡುಕಿದ್ದಕ್ಕೇ ನಾಚಿಕೆಯಾಯಿತು.

‘ಬಾ, ಸ್ವಲ್ಪ ಹೊತ್ತು ನನ್ನ ಹತ್ತಿರ ಕೂಡು’ ಎಂದು ಕೇಳಲು ನನಗೆ ಬಾಯಿ ಬರುವುದಿಲ್ಲ. ಹಬ್ಬ ಬಂದರೆ ಕೇಳಬೇಕಾಗಿಲ್ಲ. ಯುಗಾದಿಗೆ ಬೇವುಬೆಲ್ಲ ಕೊಡುವಾಗ ನಿಮ್ಮ ಅಂಗೈಗಳನ್ನು ಮುಟ್ಟುತ್ತೇನೆ. ಪಂಚಮಿಗೆ ಉಂಡಿ ಕಟ್ಟುವಾಗ ಪುಟ್ಟ ಕದ್ದು ತಿನ್ನಲಾದರೂ ಅಡುಗೆಮನೆಗೆ ಬರುತ್ತಾನೆ. ಗಣಪತಿ ಬಂದಾಗ ಮೋದಕದ ತುದಿ ತಿರುವಲು ಚಿನ್ನು ಕುಳಿತುಕೊಳ್ಳುತ್ತಾಳೆ. ದಸರೆಯಲ್ಲಿ ಬನ್ನಿ ಕೊಟ್ಟು ಕಾಲಿಗೆ ಎರಗುತ್ತೀರಿ, ಆಗ ತಲೆ ಸವರುತ್ತೇನೆ. ಸಂಕ್ರಾಂತಿಯ ಅರಿಶಿನ ಕುಂಕುಮಕ್ಕೆ ಮಾತ್ರ ಹೆಂಗಸರು ಬರುವ ಹೊತ್ತಿಗೆ ನಾನು ಒಳಗಿನ ಕೋಣೆಗೆ ಹೋಗುತ್ತೇನೆ. ಹೋಗು ಎಂದು ಯಾರೂ ಅಂದಿಲ್ಲ, ನಾನೇ ಹೋಗುತ್ತೇನೆ. ಉಳಿದ ಹಬ್ಬಗಳೆಲ್ಲ ಬೇಡದೆಯೇ ನನಗೆ ಸಿಗುವ ವೇಳೆ.

ಈಗೀಗ ಅವು ರವಿವಾರಕ್ಕೆ ಸರಿಯತೊಡಗಿವೆ. ಹೋದ ವರ್ಷ ನಿಮ್ಮಮ್ಮ ಕೇಳಿದಳು, “ಅತ್ತಿ, ಪಂಚಮಿ ಸಂಡೇಕ್ಕ ಮಾಡಮೇನ್ರಿ?”

“ನಾಗಪ್ಪಗ ಸಂಡೇ ಸೂಟಿ ಇರ್ತದೇನವ್ವ?” ಎಂದೆ, ಮೆಲ್ಲಗೆ.

“ನಾಗಪ್ಪ ಹುತ್ತದಾಗೇ ಇರ್ತಾನವ್ವ. ಅವಂದು ವರ್ಕ್ ಫ್ರಮ್ ಹೋಮ್. ಯಾವಾಗ ಹೋದ್ರೂ ಸಿಗ್ತಾನ,” ಎಂದ ನಿಮ್ಮಪ್ಪ. ಎಲ್ಲರೂ ನಕ್ಕರು, ನಾನೂ ನಕ್ಕೆ. ರವಿವಾರವೇ ಹಾಲೆರೆದೆವು.

ಆದರೆ ಅಮಾವಾಸ್ಯೆಯನ್ನು ತಳ್ಳಲು ಬರುವುದಿಲ್ಲ. ರವಿವಾರದವರೆಗೆ ಕಾದರೆ ಮುಗಿಲಲ್ಲಿ ಚಂದ್ರ ಎದ್ದಿರುತ್ತಾನೆ.

ನಮ್ಮ ಕಡೆ ಎಳ್ಳಮಾವಾಸ್ಯೆ ಮನೆಯೊಳಗಿನ ಹಬ್ಬವಲ್ಲ. ಜೋಳ ತೆನೆ ಕಟ್ಟುವ ಹೊತ್ತು ಅದು. ಭೂಮಿ ಬಸುರಿಯಿದ್ದಾಳೆ, ಅವಳಿಗೆ ಬಯಕೆಯ ಊಟ ಉಣಿಸಬೇಕು ಎಂದು ಬುತ್ತಿ ಹೊತ್ತು ಹೊಲಕ್ಕೆ ಹೋಗುತ್ತೇವೆ. ಐದು ಕಲ್ಲು ಇಟ್ಟು ಪಾಂಡವರೆಂದು ಪೂಜಿಸಿ, ಮಾಡಿದ್ದನ್ನೆಲ್ಲ ಒಂದರಲ್ಲಿ ಕಲಸಿ ಹೊಲದ ತುಂಬ ಚೆಲ್ಲುತ್ತೇವೆ. ಅದೇ ಚರಗ. ಒಬ್ಬರು ‘ಹುಲ್ಲುಲ್ಲಿಗೋ’ ಎಂದು ಕೂಗುತ್ತ ಚೆಲ್ಲಬೇಕು, ಹಿಂದಿನಿಂದ ಇನ್ನೊಬ್ಬರು ‘ಚಲಾಂಬ್ರಿಗೋ’ ಎನ್ನುತ್ತ ನೀರು ಚಿಮುಕಿಸಬೇಕು. ಅದರ ಅರ್ಥ ನನಗೆ ಗೊತ್ತಿಲ್ಲ. ಒಬ್ಬರಿಂದ ಆಗುವ ಕೆಲಸವಲ್ಲ ಎಂಬುದಷ್ಟೇ ಗೊತ್ತು.

ಪುಣೆಗೆ ಬಂದ ಮೇಲೆ ನಮಗೆ ಹೊಲವಿರಲಿಲ್ಲ. ನಿಮ್ಮ ಮುತ್ಯಾ, ನನ್ನ ಯಜಮಾನರು, ದುಡಿಯುತ್ತಿದ್ದ ಕಾರಖಾನೆಯಲ್ಲಿ ಅವರಿಗೊಬ್ಬ ಮರಾಠಿ ಗೆಳೆಯನಿದ್ದ. ಅವನ ಉಳ್ಳಾಗಡ್ಡಿಯ ಹೊಲ ಇಲ್ಲೇ ಹಡಪಸರದಾಚೆ ಇತ್ತು. ಓವರ್‌ಟೈಮಿಗೆ ಜೀವ ಬಿಡುತ್ತಿದ್ದ ನಿಮ್ಮ ಮುತ್ಯಾ ಅದೊಂದು ದಿನ ಮಾತ್ರ ಅರ್ಧ ಪಾಳಿಗೇ ಎದ್ದು ಬರುತ್ತಿದ್ದರು. ಸೈಕಲ್ಲಿನ ಹಿಂದೆ ನಾನು, ನನ್ನ ತೊಡೆಯ ಮೇಲೆ ಬುತ್ತಿ. ಅವರು ಮುಂದೆ ಕೂಗುತ್ತಿದ್ದರು, ನಾನು ಹಿಂದಿನಿಂದ ನೀರು. ನನ್ನ ದನಿ ಏಳುವುದಿಲ್ಲವೆಂದು “ಭೂತಾಯಿ ಕಿವುಡಿ ಅಲ್ಲ ಖರೆ, ಆದ್ರ ನಿನ್ನ ದನಿ ಅಕಿಗೂ ಕೇಳೂದಿಲ್ಲ” ಎಂದು ಕಾಡುತ್ತಿದ್ದರು. ಆ ಹೊಲದ ಮೇಲೆ ಈಗ ಕಟ್ಟಡಗಳಿವೆ. ಅವರು ಹೋದ ಮೇಲೆ ನಾನು ಬುತ್ತಿ ಮಾಡಿ ಅಡುಗೆಮನೆಯ ಕಟ್ಟೆಯ ಮೇಲೆಯೇ ಎಡೆ ಹಿಡಿದು, ಮೆಲ್ಲಗೆ ‘ಚಲಾಂಬ್ರಿಗೋ’ ಅಂದು ಮುಗಿಸುತ್ತಿದ್ದೆ. ಕರೆದುಕೊಂಡು ಹೋಗು ಎಂದು ನಿಮ್ಮಪ್ಪನ ಅರ್ಧ ದಿನ ಕೇಳಲು ನಾಚಿಕೆ.

ಈ ಸಲ ಶಾಲೆಗೆ ಸೂಟಿಯಿತ್ತು, ಪುಟ್ಟ ಮನೆಯಲ್ಲಿದ್ದ. ಸಜ್ಜಿ ಕಡುಬು, ಜೋಳದ ಬಾನ, ಪುಂಡಿಪಲ್ಯ, ಶೇಂಗಾ ಹೋಳಿಗೆ ಬುಟ್ಟಿಯಲ್ಲಿ ಕಂಡು “ಪಿಕ್‌ನಿಕ್ ಏನಜ್ಜಿ?” ಎಂದ. ಹೌದೆಂದೆ. ಲಿಫ್ಟಿಳಿದು ಕಟ್ಟಡದ ತೋಟಕ್ಕೆ ಹೋದೆವು. ಕಾರಂಜಿಯ ಸುತ್ತ ಚಂದಕ್ಕೆಂದು ಹಾಸಿದ ಬಿಳಿ ಕಲ್ಲುಗಳಲ್ಲಿ ಪುಟ್ಟನೇ ಐದನ್ನು ಆರಿಸಿದ. ಪೂಜೆಯಾಯಿತು. ತಂಬಿಗೆಯನ್ನು ಅವನ ಕೈಗೆ ಕೊಟ್ಟು ಕೂಗುವುದನ್ನು ಕಲಿಸಿದೆ. ನಾನು ಬಾಯೊಳಗೇ ಅಂದೆ. ಅವನು ಮಾತ್ರ ಹನ್ನೊಂದು ಮಹಡಿಗೂ ಕೇಳುವಂತೆ “ಚಲಾಂಬ್ರಿಗೋ” ಎಂದು ಒದರಿದ. ಹುಲ್ಲಿನ ತುಂಬ ಚೆಲ್ಲುತ್ತ ಹೋದೆ. ಆ ಗಳಿಗೆಯಲ್ಲಿ ಭಾಳ ಸುಖವಾಯಿತು, ಸುಳ್ಳು ಹೇಳುವುದಿಲ್ಲ.

ಒಂದನೆಯ ಮಹಡಿಯ ಗ್ಯಾಲರಿಯಿಂದ ಒಬ್ಬ ಹೆಂಗಸು ಬಾಗಿ ಕೂಗಿದಳು, “ಅಹೋ ಆಜೀ! ಕಾಯ್ ಟಾಕತಾಯ್ ತಿಥೇ?” ಅಲ್ಲಿ ಏನು ಚೆಲ್ಲುತ್ತಿದ್ದೀರಿ ಎಂದು. ಇಷ್ಟು ವರ್ಷ ಪುಣೆಯಲ್ಲಿದ್ದರೂ ನನ್ನ ಮರಾಠಿ ಕಾಯಿಪಲ್ಯದ ಬಂಡಿಯ ತನಕದ್ದು. “ದೇವಾಚಂ... ದೇವಾಚಂ” ಎಂದೆ, ದೇವರದು ಎಂದು. ಬುಟ್ಟಿ ಎತ್ತಿಕೊಂಡು, ಪುಟ್ಟನ ಕೈ ಹಿಡಿದು ಕಳ್ಳಿಯಂತೆ ಓಡಿಬಂದೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ನಿಮ್ಮಪ್ಪನ ಫೋನ್ ಬಂತು. ಕಟ್ಟಡದ ಗ್ರೂಪಿನಲ್ಲಿ ಫೋಟೋ ಬಂದಿದೆ, ಬಾಗಿ ನಿಂತ ಒಂದು ಬೆನ್ನು, ಒಂದು ಸೆರಗು. ತೋಟದಲ್ಲಿ ಅನ್ನ ಚೆಲ್ಲಿದವರು ಯಾರು, ಇಲಿ ಬರುತ್ತವೆ, ಸಂಜೆಯೊಳಗೆ ಸ್ವಚ್ಛ ಮಾಡಬೇಕು ಎಂದು ಸೆಕ್ರೆಟರಿ ಬರೆದಿದ್ದಾರೆ. ಅದರ ಕೆಳಗೆ ಯಾರೋ ನಗುವ ಮುಖಗಳನ್ನು ಹಾಕಿದ್ದಾರೆ.

“ನೀನೇ ಏನವ್ವ?” ಎಂದ. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. “ಇರ್ಲಿ ಬಿಡು. ಕಸಬರಗಿ ಹೊಡಿಯವ್ರಿಗಿ ಹೇಳ್ತೀನಿ. ನಂಗ ಒಂದ ಮಾತು ಹೇಳಿದ್ರ ಎಲ್ಲ್ಯಾರ ಹೊಲಕ್ಕ ಕರಕೊಂಡು ಹೋಗ್ತಿದ್ದಿಲ್ಲೇನು?”

ಚರಗಕ್ಕೆ ಕಸಬರಗಿ ತಾಗಬಾರದು. “ಬ್ಯಾಡ, ನಾನೇ ತೆಗೀತೀನಿ” ಎಂದು ಫೋನ್ ಇಟ್ಟೆ. ಸ್ಟೀಲಿನ ಬೋಗುಣಿ ತೆಗೆದುಕೊಂಡು ಇಳಿದೆ.

ಚೆಲ್ಲುವಾಗ ಅಷ್ಟು ಸರಳವಾದದ್ದು ಆರಿಸುವಾಗ ಹಾಗಿರಲಿಲ್ಲ. ಬಾನದ ಅಗುಳು ಹುಲ್ಲಿನ ಬುಡದೊಳಗೆ ಸೇರಿಕೊಂಡಿತ್ತು. ಇರುವೆಗಳು ಆಗಲೇ ಸಾಲು ಹಿಡಿದಿದ್ದವು. ಕುಕ್ಕರಗಾಲಿನಲ್ಲಿ ಕುಳಿತು ಒಂದೊಂದೇ ಅಗುಳು ಆರಿಸುತ್ತಿದ್ದರೆ ಗ್ಯಾಲರಿಗಳೆಲ್ಲ ನನ್ನ ಬೆನ್ನ ಮೇಲೆಯೇ ಇದ್ದಂತೆ ಅನ್ನಿಸಿತು. ಅದು ಜನರ ಮುಂದಿನ ನಾಚಿಕೆ. ಇನ್ನೊಂದು ಅದಕ್ಕಿಂತ ದೊಡ್ಡದು. ಬಸುರಿಯ ತಟ್ಟೆಗೆ ಬಡಿಸಿ, ಅವಳು ತುತ್ತು ಎತ್ತುವ ಮೊದಲೇ ತಟ್ಟೆ ಎಳೆದುಕೊಂಡಂತೆ.

ಆಗಲೇ ಚಿನ್ನು, ನೀನು ಬಂದೆ. ಬೆನ್ನ ಮೇಲೆ ಚೀಲ, ಕ್ಲಾಸಿನಿಂದ ನೇರವಾಗಿ.

“ಏನ್ ಹುಡಕ್ಲತ್ತಿ ಅಜ್ಜಿ? ಕಿವ್ಯಾಗಿನ ಬೆಂಡ್ವಾಲಿ ಬಿದ್ದದೇನು?”

“ಏನಿಲ್ಲ. ನೀ ಮ್ಯಾಲ ನಡಿ. ನಾಳಿ ಕ್ಲಾಸಿನ್ಯಾಗ ನಿಂದು ಟೆಸ್ಟ್ ಅದ.”

“ಬಸ್ಸಿನ್ಯಾಗೇ ಗ್ರೂಪ್ ನೋಡ್ದೆ. ಆ ಸೆರಗು ಯಾರ್ದಂತ ನಂಗ ಗೊತ್ತಾಗೂದಿಲ್ಲೇನು?” ಚೀಲ ಇಳಿಸಿ ನನ್ನ ಎದುರಿಗೆ ಕುಳಿತು ಆರಿಸತೊಡಗಿದೆ. ಸ್ವಲ್ಪ ಹೊತ್ತಿಗೆ, “ಭೂಮಿತಾಯಿ ಕಡಿಂದ ರಿಫಂಡ್ ತಗೊಂಡಾಕಿ ನೀ ಒಬ್ಬಾಕೇ ನೋಡು ಅಜ್ಜಿ” ಎಂದೆ.

ನನಗೆ ನಗು ಬರಲಿಲ್ಲ. “ಹಂಗನಬ್ಯಾಡವ್ವ. ಕೊಟ್ಟಿದ್ದು ತಿರುಗಿ ತಗೋಬಾರ್ದು,” ಎಂದೆ. ನನ್ನ ಮುಖ ನೋಡಿ ನೀನು ಮತ್ತೆ ಹುಲ್ಲಿಗೆ ಬಾಗಿದೆ.

ಅಷ್ಟರಲ್ಲಿ ಚೆಂಡು ಹುಡುಕುತ್ತ ಬಂದ ನಿನ್ನ ವಯಸ್ಸಿನ ಹುಡುಗನೊಬ್ಬ ನಿಂತು ನೋಡಿದ. “ತುಝೀ ಆಜೀ ಆಹೇ ಕಾ?” ನಿನ್ನ ಅಜ್ಜಿಯೇ ಎಂದು. ನಾನು ತಲೆ ಎತ್ತಲಿಲ್ಲ. ಹುಲ್ಲನ್ನೇ ನೋಡುತ್ತಿದ್ದೆ. ನೀನು ಅಲ್ಲ ಎಂದಿದ್ದರೂ, ಏನೂ ಹೇಳದೆ ಎದ್ದು ಹೋಗಿದ್ದರೂ ನಾನು ತಪ್ಪು ತಿಳಿಯುತ್ತಿರಲಿಲ್ಲ. ಆದರೆ ಆ ಒಂದು ಉಸಿರಿನಷ್ಟು ಹೊತ್ತು ನನಗೆ ಇಡೀ ವರ್ಷಕ್ಕಿಂತ ಉದ್ದವಾಯಿತು.

“ಹೋ, ಮಾಝೀಚ,” ಎಂದೆ ನೀನು. ಹೌದು, ನನ್ನವಳೇ. “ಬಘತೋಸ್ ಕಾಯ್? ಯೇ, ವೇಚ!” ನೋಡುತ್ತ ಏನು ನಿಂತಿದ್ದೀ, ಬಾ, ಆರಿಸು ಎಂದು ಗದರಿಸಿದೆ. ಅವನು ಚೆಂಡನ್ನೂ ಬಿಟ್ಟು ಓಡಿದ.

ಬೋಗುಣಿ ತುಂಬಿದ ಮೇಲೆ ಅದನ್ನು ಎಲ್ಲಿ ಸುರಿಯುವುದೆಂದು ತಿಳಿಯಲಿಲ್ಲ. ಕಸದ ಡಬ್ಬಿಯ ಮುಂದೆ ನಿಂತೆ, ಕೈ ಏಳಲಿಲ್ಲ.

“ನಿಲ್ಲಜ್ಜಿ,” ಎಂದೆ ನೀನು. “ಪಂಪಿನ ಹಿಂದ ಕಂಪೋಸ್ಟ್ ಗುಂಡಿ ಅದ. ಹಸಿ ಕಸ ಎಲ್ಲಾ ಅಲ್ಲೇ ಮಣ್ಣಾಗ್ತದ. ಆಮ್ಯಾಗ ಅದನ್ನೇ ತಂದು ಇದೇ ಹುಲ್ಲಿಗಿ ಹಾಕ್ತಾರ. ಸೆಕ್ರೆಟರಿ ಅಂಕಲ್‌ದೇ ರೂಲ್ ಅದು.”

“ಹಂಗಾರ ಅಕಿಗಿ ಮುಟ್ತದೇನು?”

“ಮುಟ್ತದ. ಲೇಟಾಗಿ ಮುಟ್ತದ, ಅಷ್ಟ. ಮೂರು ತಿಂಗಳು.”

ಪುಷ್ಯ, ಮಾಘ, ಫಾಲ್ಗುಣ. ಯುಗಾದಿಗೆ. ಇಬ್ಬರೂ ಹೋಗಿ ಗುಂಡಿಗೆ ಹಾಕಿದೆವು. ತೊಳೆದ ನೀರನ್ನು ಮೇಲೆ ಚಿಮುಕಿಸುತ್ತ ನೀನೇ “ಚಲಾಂಬ್ರಿಗೋ” ಎಂದೆ, ಮೆಲ್ಲಗೆ, ನನ್ನ ದನಿಯಲ್ಲಿ.

ಅಲ್ಲಿಗೆ ನಾಚಿಕೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಮುಂದಿನ ವಾರ ಟೆಸ್ಟಿನ ಅಂಕ ಬಂದವು, ಕಡಿಮೆ ಬಂದಿದ್ದವು. ಅಪ್ಪ ಕೇಳಿದಾಗ ನೀನು “ಟೈಮ್ ಸಾಲಲಿಲ್ಲ” ಎಂದಷ್ಟೇ ಹೇಳಿ ಬೈಗುಳ ತಿಂದೆ. ನಾನು ಅಡುಗೆಮನೆಯಲ್ಲಿ ಸೌಟು ಹಿಡಿದು ನಿಂತಿದ್ದೆ. ಆ ಸಂಜೆಯ ಮನೆ ಹಳದಿ, ಓದುವ ವೇಳೆ, ಅದು ನನ್ನ ಬೋಗುಣಿಗೆ ಹೋಯಿತು ಎಂದು ಹೊರಗೆ ಬಂದು ಹೇಳಬೇಕಿತ್ತು. ಬಾಯಿ ಬರಲಿಲ್ಲ. ಇಲ್ಲಿ ಹೇಳುತ್ತಿದ್ದೇನೆ.

ಹೋಳಿ ಹುಣ್ಣಿಮೆ ಆಯಿತು, ಯುಗಾದಿ ಹತ್ತಿರ ಬಂದಿದೆ. ಮಾಲಿ ಗುಂಡಿಯ ಮುಚ್ಚಳ ತೆಗೆದನೇ ಎಂದು ದಿನಾ ಗ್ಯಾಲರಿಯಿಂದ ಬಗ್ಗಿ ನೋಡುತ್ತೇನೆ. ನಿನ್ನ ಗೋಡೆಯ ಮೇಲೆ ಹೊಸ ಟೈಮ್‌ಟೇಬಲ್ ಬಂದಿದೆ. ಅದರಲ್ಲಿ ಒಂದು ಮನೆಗೆ ಯಾವ ಬಣ್ಣವನ್ನೂ ತುಂಬಿಲ್ಲ. ಮರೆತೆಯೋ, ಬೇಕೆಂದೇ ಬಿಟ್ಟೆಯೋ, ಕೇಳಲು ನಾಚಿಕೆ.

ಪರೀಕ್ಷೆ ಮುಗಿದ ಮೇಲೆ ಕನ್ನಡ ಅಕ್ಷರ ಕಲಿಯುತ್ತೇನೆ ಎಂದಿದ್ದೀ. ಅವಸರವಿಲ್ಲ. ಈ ಹಾಳೆಗಳನ್ನು ಎಳ್ಳಮಾವಾಸ್ಯೆಯ ಆ ಸ್ಟೀಲಿನ ಬೋಗುಣಿಯಲ್ಲೇ ಮಡಿಸಿ ಇಡುತ್ತೇನೆ, ಮೇಲೆ ತಟ್ಟೆ ಮುಚ್ಚಿ. ಮನೆ ಬದಲಿಸುವಾಗ ಪಾತ್ರೆಗಳ ಜೊತೆ ಹಳೆ ಸಾಮಾನು ಕೊಳ್ಳುವ ಮೋಡಕಾದವನಿಗೆ ಹಾಕಬೇಡಿ. ಇಬ್ಬರೂ ಜೋಪಾನವಾಗಿ ಇಟ್ಟುಕೊಳ್ಳಿ. ನಿಮಗೆ ಓದಲು ಬರುವವರೆಗೆ ಇದು ಅಲ್ಲೇ ಇರಲಿ. ಲೇಟಾಗಿ ಮುಟ್ಟಿದರೂ ನಡೆಯುತ್ತದೆ.