ಕೊಡ ಹೊತ್ತ ಫೋಟೋ ಬೇಡವೆಂದ ಅಕ್ಕ

ಹೊಲಿಗೆಯವಳ ಕೈಗೆ ಕತ್ತರಿ ಬಂದದ್ದು ಚಿಕ್ಕಂದಿನಲ್ಲಿ, ಕ್ಯಾಮೆರಾ ಬಂದದ್ದು ತಲೆ ನರೆತ ಮೇಲೆ. ಕತ್ತರಿ ಹೇಳಿದ ಮಾತು ಕೇಳುತ್ತಿತ್ತು. ಕ್ಯಾಮೆರಾವೂ ಕೇಳುತ್ತಿತ್ತೋ ಏನೋ, ಅದರ ಮುಂದೆ ನಿಂತವರು ಕೇಳಬೇಕಲ್ಲ.

ಆ ಕಟ್ಟಡಕ್ಕೆ ಮೂರು ಮಹಡಿ, ನಲ್ಲಿ ಮಾತ್ರ ಕೆಳಗೆ ಅಂಗಳದಲ್ಲಿ ಒಂದೇ. ಮೇಲಿನ ಮಹಡಿಯ ಒಂದೇ ಕೋಣೆಯಲ್ಲಿ ಹೊಲಿಗೆಯವಳೂ ಅವಳು ಅಕ್ಕ ಎಂದು ಕರೆಯುತ್ತಿದ್ದ ಓರಗಿತ್ತಿಯೂ ಇದ್ದರು. ಗಂಡಂದಿರು, ಅಣ್ಣ ತಮ್ಮ ಇಬ್ಬರೂ ತೀರಿಹೋಗಿದ್ದರು. ಇವಳು ಮಿಷನ್ ಬಿಟ್ಟು ಏಳುವಂತಿಲ್ಲ, ಹಾಗಾಗಿ ನೀರು ಹೊರುವುದು ಅಕ್ಕನ ಪಾಲು. ಅಕ್ಕನ ಎರಡೂ ಮಂಡಿ ಬಾತಿದ್ದವು. ಇನ್ನೊಂದು ಬೇಸಿಗೆ ಆ ಮೆಟ್ಟಿಲು ಅವಳಿಂದಾಗದು ಅಂತ ಹೊಲಿಗೆಯವಳಿಗೆ ಗೊತ್ತಿತ್ತು.

ಜನರ ಕಷ್ಟ ಸುಖ ಕೇಳುತ್ತ ಓಡಾಡುತ್ತಿದ್ದ ಕಾಲೇಜಿನ ಹುಡುಗಿಯೊಬ್ಬಳು ಕಟ್ಟಡದ ಕೆಲವು ಹೆಂಗಸರಿಗೆ ಕ್ಯಾಮೆರಾ ಕೊಟ್ಟಳು.

"ನಿಮ್ಮ ಕಷ್ಟ ನೀವೇ ತೆಗೀರಿ. ನೀರಿನ ಆಫೀಸಿನ ಎಂಜಿನಿಯರನ್ನ ಕರೆಸಿ ತೋರಿಸೋಣ. ಒಂದೇ ಮಾತು, ಫೋಟೋದಲ್ಲಿರೋರು ಒಪ್ಪದೆ ಯಾವುದನ್ನೂ ಗೋಡೆಗೆ ಹಾಕೋ ಹಾಗಿಲ್ಲ."

ಆ ಒಂದೇ ಮಾತು ಹೊಲಿಗೆಯವಳ ಪ್ರಾಣ ತಿಂದಿತು.

ಕ್ಯಾಮೆರಾ ಕಂಡರೆ ಸಾಕು, ಅಕ್ಕ ಕೊಡ ಕೆಳಗಿಟ್ಟು, ಮುಖ ಒರೆಸಿಕೊಂಡು, ಮದುವೆಮನೆಯಲ್ಲಿ ನಿಂತ ಹಾಗೆ ನಿಲ್ಲುವಳು.

"ಅಕ್ಕ, ಕೊಡ ಎತ್ಕೊಳ್ಳಿ."

"ಯಾಕೆ, ನನ್ನ ಮಗಳ ಅತ್ತೆ ಮನೆಯವರು ನೋಡಿ ನಗಲಿ ಅಂತಾನಾ?"

"ಅವರು ನೀರಿನ ಆಫೀಸಿಗೆ ಯಾಕೆ ಬರ್ತಾರೆ?"

"ಫೋಟೋಗೆ ಕಾಲು ಬರುತ್ತೆ ಕಣೇ. ಕೆಟ್ಟುಹೋದ ಹೊಲಿಗೆನ ನೀನು ಬಾಗಿಲಿಗೆ ತೂಗು ಹಾಕ್ತೀಯೇನು?"

ಮಿಕ್ಕವರೂ ಅಷ್ಟೇ. ನಲ್ಲಿಯ ಮುಂದೆ ಜುಟ್ಟು ಹಿಡಿದು ಜಗಳಾಡುತ್ತಿದ್ದವರು ಕ್ಯಾಮೆರಾ ಕಂಡೊಡನೆ ಹೆಗಲಿಗೆ ಕೈ ಹಾಕಿಕೊಂಡು ಹಲ್ಲು ಕಿರಿಯುವರು. ಕೊನೆಗೊಂದು ದಿನ ಹೊಲಿಗೆಯವಳು ಬಾಗಿಲ ಸಂದಿನಿಂದ ಕದ್ದು ತೆಗೆದಳು. ಮೆಟ್ಟಿಲಿನ ಕಡೇ ತಿರುವಿನಲ್ಲಿ ಅಕ್ಕ, ಸೊಂಟದಲ್ಲಿ ಕೊಡ, ಒಂದು ಕೈ ಗೋಡೆಗೆ ಕೊಟ್ಟು ಬಾಯಿ ತೆರೆದು ಉಸಿರೆಳೆಯುತ್ತಿದ್ದಳು. ತೋರಿಸಿದ್ದೇ ತಡ, ಅಕ್ಕ ಮಾತು ಬಿಟ್ಟಳು. ಹುಡುಗಿಯ ಹತ್ತಿರ ಗೋಗರೆದರೆ, "ಅವರು ಬೇಡ ಅಂದ್ರೆ ಬೇಡಮ್ಮ" ಅಂತ ಅವಳೂ ತಲೆ ಅಲ್ಲಾಡಿಸಿದಳು. ಆ ಸಿಟ್ಟಿನಲ್ಲಿ ಹೊಲಿಗೆಯವಳು ಯಾರದೋ ಪ್ಯಾಂಟಿನ ಎರಡೂ ಕಾಲು ಸೇರಿಸಿ ಹೊಲಿದುಬಿಟ್ಟಳು.

ಎಂಜಿನಿಯರು ಬಂದ ದಿನ ಅಂಗಳದ ಗೋಡೆ ತುಂಬ ನಗುವ ಮುಖಗಳು. ಆತ ಕೈ ಹಿಂದೆ ಕಟ್ಟಿಕೊಂಡು ಒಂದೊಂದೇ ನೋಡುತ್ತ ಬಂದು ಅಕ್ಕನ ಫೋಟೋ ಮುಂದೆ ನಿಂತ.

"ಎಲ್ಲ ಚೆನ್ನಾಗೇ ಇದೀರಲ್ಲಮ್ಮ. ಕೆಳಗೆ ಬಂದ್ರೆ ನಾಲ್ಕು ಜನರ ಜೊತೆ ಮಾತಾಡಿ ಹೊತ್ತೂ ಹೋಗುತ್ತೆ. ನಲ್ಲಿ ಮೇಲೆ ಬಂದ್ರೆ ನಿಮಗೇ ಬೇಜಾರು."

ಅಕ್ಕನ ಮುಖ ಕೆಂಪಾಯಿತು. ಆತನನ್ನು ಬಿಟ್ಟು, ತಪ್ಪೆಲ್ಲ ಓರಗಿತ್ತಿಯದೇ ಎಂಬಂತೆ ಅವಳ ಕಡೆ ತಿರುಗಿದಳು.

"ಹರಟೆ ಹೊಡೆಯೋಕೆ ಇಳೀತೀನೇನೇ ನಾನು? ಎಲ್ಲಿದೆ ಆ ದರಿದ್ರದ್ದು? ಹಾಕು."

"ಅಕ್ಕ, ಆಮೇಲೆ ನನ್ನ ಬೈಬಾರದು."

"ಬೈತೀನಿ. ಹಾಕು."

ಹೊಲಿಗೆಯವಳು ಚೀಲದಿಂದ ತೆಗೆದು, ನಗುವ ಅಕ್ಕನ ಮೇಲೆಯೇ ಗುಂಡುಸೂಜಿ ಚುಚ್ಚಿ ಅದನ್ನು ಹಾಕಿದಳು. ಎಂಜಿನಿಯರು ಹಿಂದೆ ಕಟ್ಟಿದ್ದ ಕೈ ಬಿಟ್ಟು ಗೋಡೆಯ ಹತ್ತಿರ ಬಗ್ಗಿ ನೋಡಿದ.

"ದಿನಕ್ಕೆ ಎಷ್ಟು ಸಲ ಹತ್ತುತ್ತೀರಮ್ಮ?"

"ಇವಳಿಗೆ ಬಾಯಾರಿದಾಗೆಲ್ಲ" ಅಂದಳು ಅಕ್ಕ.

ಬೇಸಿಗೆಗೆ ಮುಂಚೆ ಪೈಪು ಮೇಲೆ ಬಂತು. ಎಂಜಿನಿಯರು ಒಯ್ದ ಆ ಫೋಟೋ ನೀರಿನ ಆಫೀಸಿನ ಗೋಡೆ ಸೇರಿತು. ಹೊಲಿಗೆಯವಳಿಗೆ ಮಾತ್ರ ಬಿಡುಗಡೆಯಿಲ್ಲ.

"ಹೋಗಿ ಅದನ್ನ ತೆಗೆಸಿ, ನಗೋದನ್ನ ಹಾಕಿಸಿ ಬಾ. ಹೋಗೋ ಬರೋರೆಲ್ಲ ನನ್ನ ತೆರೆದ ಬಾಯಿ ನೋಡ್ತಿದಾರೆ."

"ನಗೋದನ್ನ ಹಾಕಿದ್ರೆ ನಲ್ಲಿ ಕಿತ್ಕೊಂಡು ಹೋಗ್ತಾರೆ ಅಕ್ಕ."

"ಕಿತ್ಕೊಂಡು ಹೋಗ್ಲಿ ಬಿಡು" ಅಂದಳು ಅಕ್ಕ, ಕೊಡವನ್ನು ಹೊಸ ನಲ್ಲಿಯ ಕೆಳಗೆ ಸರಿಯಾಗಿ ದೂಡುತ್ತ.