ಮಾತಿಲ್ಲದ ಅಪ್ಪನ ಕೂಗು

ಇಂಥ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿಂದಲೂ ಸಿಟ್ಟು. ಪುಣೆಯ ಹಡಪಸರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು ನಾನು. ಸತ್ತವರು ಕನಸಿನಲ್ಲಿ ಬಂದು ಹೀಗೆ ಹೇಳಿದರು, ದೂರದಲ್ಲಿದ್ದವರ ದನಿ ಕಿವಿಗೆ ಬಿತ್ತು ಎಂದು ನೆಂಟರು ಶುರು ಮಾಡಿದರೆ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಈಗ ನಾನೇ ಅಂಥದ್ದೊಂದನ್ನು ಹೇಳಲು ಕುಳಿತಿದ್ದೇನೆ. ನೀವು ನಂಬಲೇಬೇಕೆಂದು ಒತ್ತಾಯವಿಲ್ಲ. ನಂಬಿದ್ದರಿಂದ ನಮ್ಮ ಮನೆಯಲ್ಲಿ ಯಾರಿಗೂ ಒಳ್ಳೆಯದಾಗಿಲ್ಲ.

ನನ್ನ ತಮ್ಮ ವಿನಾಯಕ ಬಾಸ್ಕೆಟ್‌ಬಾಲ್ ಆಟಗಾರ. ಹಾಗೆಂದಾಗೆಲ್ಲ ಜನ, "ಅದಿರ್ಲಿ, ಕೆಲಸ ಏನ್ ಮಾಡ್ತಾನ್ರಿ?" ಎಂದು ಕೇಳುತ್ತಿದ್ದರು. ಅದೇ ಅವನ ಕೆಲಸವಾಗಿತ್ತು. ನಮ್ಮಲ್ಲಿ ಆ ಆಟವನ್ನು ನಂಬಿ ಬದುಕುವುದು ಕಷ್ಟ, ಹಾಗಾಗಿ ಹೊರದೇಶಗಳ ಸಣ್ಣಪುಟ್ಟ ಲೀಗ್‌ಗಳಲ್ಲಿ ಆಡಿಕೊಂಡಿದ್ದ. ಮೊದಲು ಮಾಲ್ಡೀವ್ಸ್, ಆಮೇಲೆ ಬಹರೇನ್, ಜಾರ್ಜಿಯಾದಲ್ಲಿ ಒಂದು ಚಳಿಗಾಲ, ಮತ್ತೆ ಥಾಯ್ಲೆಂಡ್. ಒಂದು ತಂಡ ವಿದೇಶಿ ಆಟಗಾರರನ್ನು ಇಬ್ಬರೋ ಮೂವರೋ ಇಟ್ಟುಕೊಳ್ಳಬಹುದು. ಇವನಿಗಿಂತ ಎತ್ತರದವನೊಬ್ಬ ಸಿಕ್ಕಿದ ದಿನ ಇವನ ಬ್ಯಾಗು ಬಾಗಿಲ ಹೊರಗೆ. ಬಹರೇನಿನಲ್ಲಂತೂ ಅಭ್ಯಾಸಕ್ಕೆ ಹೋದವನಿಗೆ ತನ್ನ ಅಂಗಿಯನ್ನು ಬೇರೊಬ್ಬ ಹಾಕಿಕೊಂಡು ಓಡುತ್ತಿದ್ದುದು ಕಂಡಿತಂತೆ. ಯಾರೂ ಅವನಿಗೆ ಮೊದಲೇ ಒಂದು ಮಾತು ಹೇಳಿರಲಿಲ್ಲ. ಪುಣೆಗೆ ಬಂದಾಗ ಅವನು ಇದನ್ನೆಲ್ಲ ನಗುತ್ತ ಹೇಳುತ್ತಿದ್ದ. ನಾವೂ ನಗುತ್ತಿದ್ದೆವು. ಅಪ್ಪ ಮಾತ್ರ ನಗುತ್ತಿರಲಿಲ್ಲ. "ಕೂಡಿಸಿದ್ರ ಕೂಡ್ತಿ, ಎಬ್ಬಿಸಿದ್ರ ಏಳ್ತಿ. ಆಡೋದು ಯಾವಾಗ?" ಎನ್ನುತ್ತಿದ್ದರು.

ಅವನನ್ನು ಆಟಗಾರನನ್ನಾಗಿ ಮಾಡಿದ್ದೇ ಅಪ್ಪ. ಗೋಕಾಕದ ಕಡೆಯಿಂದ ಬಂದು ಭೋಸರಿಯ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ಆಯುಷ್ಯ ಕಳೆದವರು. ಹರೆಯದಲ್ಲಿ ಕಾರ್ಖಾನೆಯ ಬಾಸ್ಕೆಟ್‌ಬಾಲ್ ತಂಡಕ್ಕೆ ಆಡಿದ್ದರು. ಶಿಫ್ಟಿಗೆ ಮೊದಲು ಮಗನನ್ನು ಎಬ್ಬಿಸಿಕೊಂಡು ಕಾರ್ಖಾನೆಯ ಮೈದಾನಕ್ಕೆ ಹೋಗುತ್ತಿದ್ದರು. ಬಲಗೈಯವನಾದ ವಿನಾಯಕನ ಬಲಗೈಯನ್ನು ಸೊಂಟಕ್ಕೆ ಕಟ್ಟಿ, ಎಡಗೈಯಲ್ಲಿ ಚೆಂಡು ಪುಟಿಸುತ್ತ ಓಡಿ ಬಾ ಎನ್ನುತ್ತಿದ್ದರು. ತಾವು ಬುಟ್ಟಿಯ ಕೆಳಗೆ ಎಡಗಡೆ ನಿಂತು "ಎಡಕ್ಕ ಬಾ ವಿನ್ಯಾ, ಎಡಕ್ಕ ಬಾ" ಎಂದು ಕೂಗುತ್ತಿದ್ದರು. ಹುಡುಗ ಅತ್ತರೂ ಬಿಡುತ್ತಿರಲಿಲ್ಲ. ಎಡಕ್ಕೆ ನುಗ್ಗುವುದು ಅವನಿಗೆ ಚೆನ್ನಾಗಿ ಬಂತು. ಅಪ್ಪನ ಜೊತೆ ಮಾತಾಡುವುದು ಮಾತ್ರ ಕಡಿಮೆಯಾಯಿತು. ಫೋನಿನಲ್ಲಿ ನನ್ನ ಹತ್ತಿರ, ಅವ್ವನ ಹತ್ತಿರ ಗಂಟೆಗಟ್ಟಲೆ ಹರಟುವವನು, ಅಪ್ಪನ ಕೈಗೆ ಫೋನು ಹೋದರೆ "ಹೂಂ, ಆರಾಮ ಅದೀನಿ" ಎಂದು ಇಟ್ಟುಬಿಡುತ್ತಿದ್ದ.

ಅವನು ಥಾಯ್ಲೆಂಡಿನಲ್ಲಿದ್ದಾಗ ಅಪ್ಪನಿಗೆ ಲಕ್ವಾ ಹೊಡೆಯಿತು. ಬಲಭಾಗ ಬಿದ್ದುಹೋಯಿತು, ಮಾತು ಪೂರ್ತಿ ನಿಂತಿತು. ವಿನಾಯಕ ಬಂದ, ನೋಡಿದ, ಕೆಲವು ವಾರ ಇದ್ದ, ಹೋದ. ಮಾತು ಕಲಿಸುವ ಡಾಕ್ಟರರ ಹತ್ತಿರ ಅಪ್ಪನನ್ನು ತಿಂಗಳುಗಟ್ಟಲೆ ಕರೆದೊಯ್ದೆ. 'ಅ' ಎನ್ನಿಸಲೂ ಅವರಿಂದ ಆಗಲಿಲ್ಲ. ಇನ್ನು ಆಸೆ ಇಟ್ಟುಕೊಳ್ಳಬೇಡಿ ಎಂದು ಕಡೆಗೆ ಅವರೇ ಹೇಳಿದರು.

ಅಷ್ಟರಲ್ಲಿ ವಿನಾಯಕನಿಗೆ ಮಂಗೋಲಿಯಾದಲ್ಲಿ ಒಂದು ತಂಡ ಸಿಕ್ಕಿತು. ವಯಸ್ಸು ಮೂವತ್ತು ದಾಟಿತ್ತು. ಆದರೆ ಆಗಲೇ ಅವನ ನಸೀಬು ತೆರೆಯಿತು ಎನ್ನಬೇಕು. ಅಲ್ಲಿನ ಕೋಚ್ ಅವನನ್ನು ಆಟ ಶುರು ಮಾಡುವ ಮೊದಲ ಐವರಲ್ಲಿ ಇಳಿಸತೊಡಗಿದ. "ಅಕ್ಕಾ, ದೀಪ ಆರಿಸಿ ಒಬ್ಬೊಬ್ಬರ ಹೆಸರ ಕರೀತಾರ. ನನ್ನ ಹೆಸರೂ ಕರೀತಾರ" ಎಂದು ಫೋನಿನಲ್ಲಿ ಎರಡೆರಡು ಸಲ ಹೇಳಿದ. ಈ ಸೀಸನ್ ಹೀಗೇ ಮುಗಿದರೆ ಮುಂದಿನ ವರ್ಷಗಳಿಗೂ ಕರಾರು ಮಾಡಿಕೊಳ್ಳುತ್ತೇವೆ ಎಂದಿದ್ದರಂತೆ. ಅಷ್ಟು ವರ್ಷಗಳಲ್ಲಿ ಯಾರೂ ಅವನಿಗೆ ಮುಂದಿನ ವರ್ಷದ ಮಾತು ಆಡಿರಲಿಲ್ಲ.

ನಾನು ಹೇಳಹೊರಟ ಘಟನೆ ನಡೆದ ದಿನ ನನಗೆ ರಜೆ. ಕಾತ್ರಜದ ನಮ್ಮ ಮನೆಯಲ್ಲಿ ನಾನು ಮತ್ತು ಅಪ್ಪ ಇಬ್ಬರೇ ಇದ್ದೆವು. ಅವ್ವ ಕಾಯಿಪಲ್ಲೆ ತರಲು ಹೋಗಿದ್ದಳು. ವಿನಾಯಕನ ಆಟ ಮರುದಿನ ಎಂದೇ ನಾನು ತಿಳಿದಿದ್ದೆ. ಅದನ್ನು ಒಂದು ದಿನ ಮೊದಲೇ ಇಟ್ಟಿದ್ದು ನಮಗಾರಿಗೂ ಗೊತ್ತಿರಲಿಲ್ಲ. ಟಿವಿ ಹಚ್ಚಿರಲಿಲ್ಲ, ನನ್ನ ಫೋನು ಚಾರ್ಜಿಗಿತ್ತು. ಸಂಜೆ ಚಹಾದ ಹೊತ್ತು. ಅಪ್ಪನನ್ನು ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂರಿಸಿ, ನಾನು ಒಲೆಯ ಮುಂದೆ ನಿಂತು ಶುಂಠಿ ಜಜ್ಜುತ್ತಿದ್ದೆ.

"ವಿನ್ಯಾ! ಎಡಕ್ಕ! ಎಡಕ್ಕ ಬಾ!"

ಅದು ರೋಗಿಯ ತೊದಲು ದನಿಯಾಗಿರಲಿಲ್ಲ. ಮೈದಾನದ ಈ ತುದಿಯಿಂದ ಆ ತುದಿಗೆ ಮುಟ್ಟುವಂಥ, ನಾನು ಬಾಲ್ಯದಲ್ಲಿ ಕೇಳುತ್ತಿದ್ದ ಅಪ್ಪನ ದನಿ. ಹಾಲು ಉಕ್ಕುತ್ತಿದ್ದುದನ್ನು ಹಾಗೇ ಬಿಟ್ಟು ಓಡಿದೆ. ಅಪ್ಪ ಎಂದಿನಂತೆಯೇ ಕುಳಿತಿದ್ದರು. ಬಾಯಿ ಒಂದು ಕಡೆಗೆ ಜೋತಿತ್ತು, ಕಣ್ಣು ರಸ್ತೆಯ ಕಡೆಗಿತ್ತು. ಎದುರು ಮನೆಯ ಮರಾಠಿ ಕಾಕು ಬಾಗಿಲು ತೆಗೆದು ಬಂದು, "ಕಾಯ್ ಝಾಲಂ? ಬಾಬಾ ಬೋಲಲೇ ಕಾ?" ಎಂದರು. ಬಾಬಾ ಮಾತಾಡಿದರೇ ಎಂದು ಅವರೂ ಕೇಳಿದ ಮೇಲೆ, ಇದು ನನ್ನ ಕಿವಿಯ ಭ್ರಮೆಯಲ್ಲ ಎಂದು ಗಟ್ಟಿಯಾಯಿತು.

ತಕ್ಷಣ ಅವ್ವನಿಗೆ ಫೋನು ಮಾಡಿದೆ. "ಅವ್ವಾ, ಅಪ್ಪ ಮಾತಾಡಿದ್ರು! ವಿನ್ಯಾನ್ನ ಕರದ್ರು!" ಅವಳು ಚೀಲವನ್ನು ಅಂಗಡಿಯಲ್ಲೇ ಬಿಟ್ಟು ಬಂದಳು. ಅಪ್ಪನ ಬಾಯಿಗೆ ಸಕ್ಕರೆ ಹಾಕಿದಳು, ಗಲ್ಲ ಹಿಡಿದು ಅಲ್ಲಾಡಿಸಿದಳು. "ಇನ್ನೊಮ್ಮೆ ಅನ್ರಿ, ನನ್ನ ಹೆಸರರ ಕರೀರಿ" ಎಂದು ಕತ್ತಲಾಗುವವರೆಗೂ ಬೇಡಿದಳು. ಅವರು ಮತ್ತೆ ತುಟಿ ಬಿಚ್ಚಲಿಲ್ಲ.

ಮರುದಿನ ವಿನಾಯಕನ ಫೋನು ಬಂತು. ಅಪ್ಪನಿಗೆ ಮಾತು ಬಂದ ಸುದ್ದಿ ಹೇಳಲು ನಾನು ಬಾಯಿ ತೆರೆಯುವ ಮೊದಲೇ ಅವನು ಕೇಳಿದ:

"ಅಕ್ಕಾ, ಅಪ್ಪ ಅದಾರೇನು? ಖರೇ ಹೇಳು."

"ಅದಾರಲ್ಲೋ. ಯಾಕ ಹಂಗ ಕೇಳ್ತಿ?"

"ಮುಚ್ಚಿಡಬ್ಯಾಡ. ಅವರು ಹೋಗ್ಯಾರ ಅಂತ ನನಗ ಗೊತ್ತದ."

ವಿಡಿಯೋದಲ್ಲಿ ಅಪ್ಪನ ಮುಖ ತೋರಿಸಿದೆ. ಅವನು ಆಸ್ಪತ್ರೆಯ ಹಾಸಿಗೆಯ ಮೇಲಿದ್ದ. ಅಪ್ಪನನ್ನು ಕಣ್ಣಾರೆ ನೋಡಿದ ಮೇಲೆ ಆದದ್ದನ್ನು ಹೇಳಿದ. ಹಿಂದಿನ ದಿನವೇ ನಡೆದ ಆಟದಲ್ಲಿ ಚೆಂಡು ಹಿಡಿದು ಬಲಗಡೆಯಿಂದ ಹೊರಟಿದ್ದನಂತೆ. ಅಲ್ಲಿ ದಾರಿ ಖಾಲಿ ಇತ್ತು. ಅಷ್ಟರಲ್ಲಿ ಎಡಗಡೆಯಿಂದ ಅಪ್ಪ ಹೆಸರು ಹಿಡಿದು ಕೂಗಿದರಂತೆ. ಯೋಚಿಸುವ ಮೊದಲೇ ಕಾಲು ಎಡಕ್ಕೆ ತಿರುಗಿತು. ಹಾರಿ ಇಳಿದದ್ದು ಎದುರಾಳಿಯೊಬ್ಬನ ಪಾದದ ಮೇಲೆ. ಮೊಣಕಾಲು ಲಟಕ್ಕೆಂದದ್ದು ತನಗೇ ಕೇಳಿಸಿತು ಎಂದ.

"ಏನಂತ ಕೂಗಿದ್ರು?" ಎಂದೆ. ಅವನು ಹೇಳಿದ್ದು ನಾನು ಕೇಳಿದ ಅವೇ ಮಾತುಗಳು. "ನಾನೂ ಕೇಳೀನಿ, ವಿನ್ಯಾ. ಇಲ್ಲೇ, ಮನ್ಯಾಗ" ಎಂದೆ. ಅವನು ಫೋನು ಇಟ್ಟುಬಿಟ್ಟ.

ಆ ಆಟದ ವಿಡಿಯೋವನ್ನು ಆಮೇಲೆ ನೋಡಿದೆ. ಅವನು ಬಿದ್ದ ಹೊತ್ತು, ನಾನು ಅವ್ವನಿಗೆ ಫೋನು ಮಾಡಿದ ಹೊತ್ತು, ಎರಡು ದೇಶಗಳ ಗಡಿಯಾರದ ಅಂತರ ಕಳೆದು ನೋಡಿದರೆ ಒಂದೇ. ಯಾರೋ ಕರೆದಂತೆ ಅವನು ಕತ್ತು ತಿರುಗಿಸುವುದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ದನಿ ಮಾತ್ರ ಇಲ್ಲ. ಬರೀ ಪ್ರೇಕ್ಷಕರ ಗದ್ದಲ.

ತಂಡದವರು ಅವನಿಗೆ ವಿಮಾನದ ಟಿಕೆಟ್ ಕೊಟ್ಟು ಕೈ ತೊಳೆದುಕೊಂಡರು. ಪುಣೆಯಲ್ಲಿ ಶಸ್ತ್ರಚಿಕಿತ್ಸೆ ಆಯಿತು. ನಡೆಯಬಹುದು, ಆಡುವುದು ಮುಗಿಯಿತು ಎಂದರು. ಊರುಗೋಲು ಹಿಡಿದು ಮನೆಗೆ ಬಂದವನು ನೇರ ಅಪ್ಪನ ಎದುರು ಕುಳಿತ.

"ಬಲಕ್ಕ ದಾರಿ ಬಿಟ್ಟಿತ್ರಿ ಅಪ್ಪಾ. ಯಾಕ ಕರದ್ರಿ? ಇಷ್ಟ ವರ್ಷಕ್ಕ ಮೊದಲನೇ ಸಲ ನನಗ ಒಂದು ಜಾಗಾ ಸಿಕ್ಕಿತ್ತು. ಯಾಕ ಕರದ್ರಿ?"

ಅಪ್ಪ ಅವನನ್ನು ನೋಡಿದರು. ಆಮೇಲೆ ನಕ್ಕರು. ಹೆಗಲು ಕುಲುಕುವಂತೆ, ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಈ ರೋಗದಲ್ಲಿ ನಗು, ಅಳು ಯಾವುದೂ ಅವರ ಕೈಯಲ್ಲಿರುವುದಿಲ್ಲ ಎಂದು ಡಾಕ್ಟರು ನನಗೆ ಹೇಳಿದ್ದರು. ಅದನ್ನು ವಿನಾಯಕನಿಗೂ ಹೇಳಿದೆ. "ನಿನ್ನ ಡಾಕ್ಟರಗ ಏನ್ ತಿಳೀತದ" ಎಂದು ಎದ್ದ. ಆ ದಿನದಿಂದ ಅಪ್ಪ ಇದ್ದ ಕೋಣೆಗೆ ಅವನು ಕಾಲಿಡಲಿಲ್ಲ.

ಅವ್ವನ ಲೆಕ್ಕವೇ ಬೇರೆ. "ಎಡಕ್ಕ ಹೋಗು ಅನ್ನಲಿಲ್ಲ ಅವರು, ಬಾ ಅಂದ್ರು. ಅಲೆದದ್ದು ಸಾಕು, ಮನೀಗೆ ಬಾ ಅಂದ್ರು. ಬಂದಾನಲ್ಲ" ಎಂದು ಪಕ್ಕದವರ ಹತ್ತಿರ ಸಂತೋಷದಿಂದ ಹೇಳುವಳು. ವಿನಾಯಕ ಅದನ್ನು ಕೇಳಿಸಿಕೊಂಡ. ಅವತ್ತು ಅವನು ಊಟ ಮಾಡಲಿಲ್ಲ. ಮಗನ ಕಾಲು ಮುರಿದಾದರೂ ಮನೆಗೆ ಕರೆಸಿಕೊಳ್ಳುವ ಅಪ್ಪ ನಮ್ಮವರಾಗಿದ್ದರೇ? ಹೌದು ಎನ್ನಲು ನನಗೆ ಬಾಯಿ ಬರುವುದಿಲ್ಲ, ಅಲ್ಲ ಎನ್ನಲು ಧೈರ್ಯವಿಲ್ಲ.

ಮುಂದಿನ ಚಳಿಗಾಲದಲ್ಲಿ ಅಪ್ಪ ಹೋದರು, ಒಂದು ಮಾತೂ ಆಡದೆ. ವಿನಾಯಕ ಮಾಡಬೇಕಾದ್ದನ್ನೆಲ್ಲ ಮಾಡಿದ. ಅಳಲಿಲ್ಲ. ಈಗ ಹಡಪಸರದಲ್ಲೇ ಕೋಣೆ ಮಾಡಿಕೊಂಡು, ಅಲ್ಲಿನ ಒಂದು ಜಿಮ್ಮಿನಲ್ಲಿ, ಕಂಪ್ಯೂಟರ್ ಮುಂದೆ ಕುಳಿತು ಬೆನ್ನು ನೋಯಿಸಿಕೊಂಡವರಿಗೆ ವ್ಯಾಯಾಮ ಹೇಳಿಕೊಡುತ್ತಾನೆ. ಅವನು ಎಲ್ಲೆಲ್ಲಿ ಆಡಿದ್ದ ಎಂದು ಅಲ್ಲಿ ಯಾರಿಗೂ ಗೊತ್ತಿಲ್ಲ. ಅವನೂ ಹೇಳುವುದಿಲ್ಲ.

ಮೊನ್ನೆ ಜಿಮ್ಮು ಮುಗಿಸಿ ನನ್ನನ್ನು ಗಾಡಿಯ ಮೇಲೆ ಮನೆಗೆ ಬಿಡಲು ಬಂದವನು, ಗೇಟಿನ ಹತ್ತಿರ ಎಂಜಿನ್ ಆರಿಸಿ ಕೇಳಿದ:

"ಅಕ್ಕಾ, ನೀ ಅಲ್ಲೇ ಇದ್ದೆಲ್ಲ. ಕೂಗುವಾಗ ಅವರ ಮಾರಿ ಹ್ಯಾಂಗ ಇತ್ತು? ಸಿಟ್ಟಿತ್ತೋ, ಪ್ರೀತಿ ಇತ್ತೋ?"

ಅವನು ಈ ಪ್ರಶ್ನೆ ಕೇಳುವುದು ಇದು ಮೊದಲ ಸಲವಲ್ಲ. ಪ್ರೀತಿ ಇತ್ತು ಎಂದು ಹೇಳಿಬಿಟ್ಟರೆ ಅವನಿಗೆ ನಿದ್ದೆಯಾದರೂ ಬರಬಹುದು. ಆದರೆ ನಾನು ಬೆನ್ನು ಮಾಡಿ ನಿಂತಿದ್ದೆ. ತಿರುಗಿ ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ನೋಡಲಿಲ್ಲೋ. ನಾನೂ ನಿನ್ನಂಗ ಬರೇ ದನಿ ಕೇಳೀನಿ" ಎಂದೆ.

ಅವನು ತಲೆಯಾಡಿಸಿ ಗಾಡಿ ತಿರುಗಿಸಿದ.